ಚಳಿಗಾಲದ ಮುಂಜಾವು ಮತ್ತು ಹಳೆಯ ಕಾರಿನ ಸ್ವಯಂಚಾಲಿತ ಗೇರ್‌ಬಾಕ್ಸ್

ಕಲ್ಯಾಣ ಜಂಕ್ಷನ್ನಿನಿಂದ ಕಸಾರಾ ಕಡೆಗೆ ಹೊರಟ ಲೋಕಲ್ ರೈಲಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಉಲ್ಹಾಸ ನದಿಗೆ ಸಮೀಪದಲ್ಲಿರುವ, ಸೆಂಚುರಿ ರೇಯಾನ್ ಕಾರ್ಖಾನೆಯಿಂದ ಹೆಸರಾದ ಈ ಊರಿನಲ್ಲಿ ರೈಲುಹಳಿಯ ಮೇಲಿನ ಸೇತುವೆಯನ್ನು ದಾಟಿದ ರಸ್ತೆಯು ಮುರಬಾಡಿನ ಮೂಲಕ ಮಾಳ್ಶೇಜ್ ಘಾಟಿನತ್ತ ಸಾಗುತ್ತದೆ. ಕಡಲತೀರದಿಂದ ಒಳನಾಡಿಗೆ ಸರಿದಿರುವುದರಿಂದ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಮುಂಜಾವು ಇಲ್ಲಿ ಮುಂಬಯಿ ನಗರಕ್ಕಿಂತ ತಂಪಾಗಿರುತ್ತದೆ. ಹಾಗೆಂದು ಇದು ಹಿಮ ಬೀಳುವ ನಾಡಲ್ಲ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು ಉಷ್ಣತೆ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದನ್ನು ಜನರು ಇಂದಿಗೂ ಅಪರೂಪದ ಸಂಗತಿಯೆಂದೇ ನೆನೆಯುತ್ತಾರೆ. ಇಂತಹ ಹವೆಯಲ್ಲಿ ಕಾರಿನ ಗೇರ್‌ಬಾಕ್ಸಿಗೆ ಚಳಿ ತಗಲುವುದುಂಟೇ ಎಂದು ಓದುಗರು ಕೇಳಬಹುದು. ಹೊಸ ಕಾರಿಗೆ ತಗಲುವುದಿಲ್ಲ. ಹನ್ನೆರಡು ಹದಿನಾಲ್ಕು ವರ್ಷ ಓಡಿದ ಕಾರಿಗೆ ತಗಲುತ್ತದೆ.

ಅದರ ಲಕ್ಷಣವನ್ನು ಹೀಗೆ ವಿವರಿಸಬಹುದು. ಬೆಳಗಿನ ಆರು ಗಂಟೆಗೆ ಎಂಜಿನ್ ಚಾಲನೆಗೊಳಿಸಿ, ಲಿವರನ್ನು ‘ಡಿ’ ಅಥವಾ ‘ಆರ್’ ಸ್ಥಾನಕ್ಕೆ ತಂದರೂ ಕಾರು ಕದಲುವುದಿಲ್ಲ. ಮೂರು ನಾಲ್ಕು ಸೆಕೆಂಡುಗಳ ಬಳಿಕ ಧಡಕ್ಕೆಂಬ ಸದ್ದಿನೊಡನೆ ಗೇರು ಹಿಡಿದುಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ದೋಷವೆಲ್ಲ ಮಾಯವಾಗುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ ಏನೂ ತೊಂದರೆಯಿಲ್ಲವೆನ್ನುತ್ತಾನೆ. ಇಲ್ಲವೇ ಗೇರ್‌ಬಾಕ್ಸನ್ನು ಬಿಚ್ಚಿಯೇ ನೋಡಬೇಕೆನ್ನುತ್ತಾನೆ. ಮೊದಲನೆಯ ಉತ್ತರದಿಂದ ದೋಷ ಬೆಳೆಯುತ್ತದೆ. ಎರಡನೆಯ ಉತ್ತರದಿಂದ, ಕಾರಿನ ಮಾರಾಟ ಬೆಲೆಗೆ ಸಮನಾದ ಖರ್ಚು ಕುಟುಂಬದ ಮೇಲೆ ಬೀಳುವ ಸಂಭವವಿದೆ. ಇವೆರಡಕ್ಕೂ ಮೂಲವಾದದ್ದು ಒಂದೇ: ತಣ್ಣಗಿದ್ದಾಗ ಕಾಣುವ ದೋಷವನ್ನು ಬಿಸಿಯಾಗಿದ್ದಾಗ ಹುಡುಕುವುದು.

ಹಣದ ವಿಷಯಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ಕಾರು ಕದಲದೆ ನಿಂತಾಗ ಅನೇಕ ಚಾಲಕರು ತಾಳ್ಮೆಗೆಟ್ಟು ಆಕ್ಸಿಲರೇಟರನ್ನು ಒತ್ತುತ್ತಾರೆ. ಅದೇ ಕ್ಷಣದಲ್ಲಿ ಗೇರು ಹಿಡಿದರೆ ಕಾರು ಚಿಮ್ಮಿಕೊಂಡು ಹೋಗುತ್ತದೆ. ವಸತಿ ಸಂಕೀರ್ಣಗಳ ಇಕ್ಕಟ್ಟಾದ ಅಂಗಳದಲ್ಲಿ, ಶಾಲೆಯ ಬಸ್ಸಿಗೆ ಮಕ್ಕಳು ಕಾಯುತ್ತಿರುವ ವೇಳೆಯಲ್ಲಿ ಹಿಂದಕ್ಕೆ ಚಿಮ್ಮುವ ಕಾರಿನಿಂದ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. ಗೇರು ಹಿಡಿಯುವವರೆಗೆ ಪಾದವು ಬ್ರೇಕಿನ ಮೇಲೆಯೇ ಇರತಕ್ಕದ್ದು. ಹಾಗೆ ಮಾಡದಿದ್ದರೆ ಗೇರ್‌ಬಾಕ್ಸಿನೊಳಗಿನ ಕ್ಲಚ್ ತಟ್ಟೆಗಳೂ ಆ ಒಂದು ಕ್ಷಣದಲ್ಲಿ ಉಜ್ಜಿ ಸುಡುತ್ತವೆ.

ತೈಲವೇ ಇಲ್ಲಿ ಕೈಯೂ ಹೌದು, ಕಾಲೂ ಹೌದು

ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಚಾಲಕನ ಕಾಲು ಕ್ಲಚ್ಚನ್ನು ಒತ್ತುತ್ತದೆ, ಕೈ ಗೇರನ್ನು ಬದಲಿಸುತ್ತದೆ. ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಈ ಎರಡೂ ಕೆಲಸಗಳನ್ನು ಒತ್ತಡಕ್ಕೊಳಗಾದ ತೈಲವು ಮಾಡುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 1939ರಲ್ಲಿ ‘ಹೈಡ್ರಾ-ಮ್ಯಾಟಿಕ್’ ಎಂಬ ಹೆಸರಿನಲ್ಲಿ ಇಂತಹ ಗೇರ್‌ಬಾಕ್ಸನ್ನು ಮಾರುಕಟ್ಟೆಗೆ ತಂದಂದಿನಿಂದ ಮೂಲತತ್ತ್ವವು ಹೆಚ್ಚು ಬದಲಾಗಿಲ್ಲ. ಎಂಜಿನ್ ತಿರುಗಿದಾಗ ಒಂದು ಪಂಪು ತೈಲವನ್ನು ಒತ್ತುತ್ತದೆ. ಆ ತೈಲವು ವಾಲ್ವ್‌ಗಳ ಮೂಲಕ ಹರಿದು, ಪಿಸ್ಟನ್ನುಗಳನ್ನು ತಳ್ಳಿ, ಒಂದರ ಮೇಲೊಂದು ಜೋಡಿಸಿದ ಕ್ಲಚ್ ತಟ್ಟೆಗಳನ್ನು ಬಿಗಿಹಿಡಿಯುತ್ತದೆ. ಯಾವ ಗುಂಪಿನ ತಟ್ಟೆಗಳು ಬಿಗಿಯಾದವು ಎಂಬುದರ ಮೇಲೆ ಕಾರು ಮುಂದಕ್ಕೆ ಹೋಗುವುದೋ ಹಿಂದಕ್ಕೆ ಹೋಗುವುದೋ ನಿರ್ಧಾರವಾಗುತ್ತದೆ. ಎಂಜಿನ್ನಿಗೂ ಗೇರುಗಳಿಗೂ ನಡುವೆ, ತೈಲ ತುಂಬಿದ ದೊಡ್ಡ ಡಬ್ಬಿಯಂತಿರುವ ಟಾರ್ಕ್ ಕನ್ವರ್ಟರ್ ಇರುತ್ತದೆ.

ಈ ತೈಲದ ಸಾಂದ್ರತೆಯನ್ನಲ್ಲ, ಸ್ನಿಗ್ಧತೆಯನ್ನು, ಅಂದರೆ ಹರಿಯುವಾಗ ಅದು ತೋರುವ ಅಂಟುತನವನ್ನು ನಾವು ಗಮನಿಸಬೇಕು. ಬಳಕೆಯಲ್ಲಿರುವ ಅನೇಕ ತೈಲಗಳ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು 7 ಸೆಂಟಿಸ್ಟೋಕ್ ಇದ್ದರೆ, 40 ಡಿಗ್ರಿಯಲ್ಲಿ 30ರಿಂದ 35ರಷ್ಟಿರುತ್ತದೆ. 15 ಡಿಗ್ರಿಯ ಮುಂಜಾವಿನಲ್ಲಿ ಅದು ನೂರರ ಆಸುಪಾಸಿಗೆ ಏರುತ್ತದೆ. ಎಂದರೆ ಮಧ್ಯಾಹ್ನ ಓಡುತ್ತಿರುವ ಕಾರಿನ ತೈಲಕ್ಕೆ ಹೋಲಿಸಿದರೆ ಬೆಳಗಿನ ತೈಲವು ಹತ್ತು ಪಟ್ಟಿಗಿಂತ ಹೆಚ್ಚು ಗಟ್ಟಿಯಾಗಿ ಹರಿಯುತ್ತದೆ. ಹೊಸ ಗೇರ್‌ಬಾಕ್ಸನ್ನು ಇದಕ್ಕೆ ತಕ್ಕಂತೆಯೇ ರಚಿಸಿರುತ್ತಾರೆ. ಹಳೆಯದರಲ್ಲಿ ಬದಲಾಗಿರುವುದು ತೈಲಕ್ಕಿಂತ ಹೆಚ್ಚಾಗಿ ರಬ್ಬರು. ಪಿಸ್ಟನ್ನುಗಳ ಅಂಚಿನಲ್ಲಿ ತೈಲ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಮೃದುತ್ವವನ್ನು ಕಳೆದುಕೊಳ್ಳುತ್ತವೆ. ತಣ್ಣಗಿದ್ದಾಗ ಅವು ಕುಗ್ಗಿ, ಬಿರುಸಾಗಿ, ಗೋಡೆಗೆ ಸರಿಯಾಗಿ ಅಂಟುವುದಿಲ್ಲ. ತೈಲ ಪಕ್ಕದಿಂದ ಜಾರಿಹೋಗಿ ಒತ್ತಡ ತುಂಬಲು ತಡವಾಗುತ್ತದೆ. ಬಿಸಿಯೇರಿದಂತೆ ಹಿಗ್ಗಿ ಮೆದುವಾಗಿ ಮತ್ತೆ ಕೆಲಸ ಮಾಡುತ್ತವೆ. ‘ಬೆಳಗ್ಗೆ ರೋಗ, ಮಧ್ಯಾಹ್ನ ಆರೋಗ್ಯ’ ಎಂಬ ಒಗಟಿಗೆ ಬಹಳಷ್ಟು ಸಲ ಇದೇ ಉತ್ತರ. ಹಲವು ಗೇರ್‌ಬಾಕ್ಸುಗಳಲ್ಲಿ ರಿವರ್ಸ್ ಗೇರಿನ ಪಿಸ್ಟನ್ ದೊಡ್ಡದಾಗಿದ್ದು ಅದಕ್ಕೆ ಹೆಚ್ಚು ತೈಲ ಬೇಕಾಗುವುದರಿಂದ, ದೋಷವು ಮೊದಲು ‘ಆರ್’ ಸ್ಥಾನದಲ್ಲಿ ತಲೆದೋರುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಬೆಳಗ್ಗೆ ಸರಿಯಾಗಿದ್ದು, ಮೇಲ್ಸೇತುವೆಯ ವಾಹನದಟ್ಟಣೆಯಲ್ಲಿ ಅರ್ಧ ಗಂಟೆ ನಿಂತು ಸಾಗಿ ಬಿಸಿಯಾದ ಮೇಲೆ ಗೇರು ಜಾರತೊಡಗಿದರೆ, ತೆಳುವಾದ ತೈಲವನ್ನು ಸವೆದ ಪಂಪು ಹಿಡಿದಿಡಲಾರದೆಂದು ಸಂಶಯಿಸಬೇಕು. ಅದು ಬೇರೆಯೇ ರೋಗ. ಅದನ್ನು ಚಳಿಯ ದೋಷದೊಡನೆ ಬೆರೆಸಬಾರದು.

ದೋಷವಲ್ಲದ ದೋಷಗಳು

ತಣ್ಣಗಿರುವ ಎಂಜಿನ್ ಸ್ವಲ್ಪ ಹೆಚ್ಚಿನ ವೇಗದಲ್ಲಿ ತಿರುಗುವಂತೆ ತಯಾರಕರೇ ಏರ್ಪಡಿಸಿರುತ್ತಾರೆ. ಆ ವೇಗದಲ್ಲಿ ಲಿವರನ್ನು ‘ಡಿ’ಗೆ ತಂದರೆ ಸಣ್ಣ ಕುಲುಕು ಉಂಟಾಗುವುದು ಸ್ವಾಭಾವಿಕ. ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟಿಂಗ್‌ಗಳು ಸವೆದಿದ್ದರೆ ಅದೇ ಕುಲುಕು ದೊಡ್ಡ ಧಡಕಾಗಿ ಕೇಳಿಸುತ್ತದೆ. ಗೇರ್‌ಬಾಕ್ಸ್ ಕೆಟ್ಟಿತೆಂದು ತಿಳಿದು ಗ್ಯಾರೇಜಿಗೆ ಬಂದ ಕಾರುಗಳಲ್ಲಿ ಬರಿಯ ಮೌಂಟಿಂಗ್ ಬದಲಿಸಿ ಸರಿಹೋದವು ಇವೆ. ಅಂತೆಯೇ, ಎಂಜಿನ್ ಬಿಸಿಯಾಗುವವರೆಗೆ ಮೇಲಿನ ಗೇರಿಗೆ ತಡವಾಗಿ ಏರುವಂತೆಯೂ, ಟಾರ್ಕ್ ಕನ್ವರ್ಟರಿನ ಲಾಕ್ ಬೀಳದಂತೆಯೂ ನಿಯಂತ್ರಣ ಪೆಟ್ಟಿಗೆಯು ನೋಡಿಕೊಳ್ಳುತ್ತದೆ. ಮೊದಲ ಮೂರು ನಾಲ್ಕು ಕಿಲೋಮೀಟರ್ ಎಂಜಿನ್ ಹೆಚ್ಚು ಸದ್ದು ಮಾಡಿದರೆ ಗಾಬರಿಗೊಳ್ಳಬೇಕಿಲ್ಲ.

ಆದರೆ ಹದಿನೈದು ಕಿಲೋಮೀಟರ್ ಕಳೆದರೂ ಮೇಲಿನ ಗೇರು ಬೀಳದಿದ್ದರೆ ಥರ್ಮೋಸ್ಟಾಟ್ ಕಡೆಗೆ ನೋಡಬೇಕು. ಎಂಜಿನ್ ಬೇಗ ಬಿಸಿಯಾಗಲೆಂದು ರೇಡಿಯೇಟರಿನ ನೀರನ್ನು ತಡೆದಿಡುವ ಈ ಪುಟ್ಟ ಉಪಕರಣವನ್ನು ‘ನಮ್ಮ ಸೆಕೆಗೆ ಇದು ಬೇಡ’ ಎಂದು ಕಿತ್ತು ಎಸೆಯುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಇದೆ. ಹಳೆಯ ಅಂಬಾಸಡರ್ ಕಾಲದ ಈ ಉಪಾಯವು ಸ್ವಯಂಚಾಲಿತ ಕಾರಿಗೆ ಹೊಂದುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಅಥವಾ ತೆರೆದೇ ಉಳಿದ ಎಂಜಿನ್ ಚಳಿಗಾಲದ ಬೆಳಗಿನಲ್ಲಿ ಬಿಸಿಯಾಗುವುದೇ ಇಲ್ಲ; ನಿಯಂತ್ರಣ ಪೆಟ್ಟಿಗೆಯು ಕಾರು ಈಗಷ್ಟೇ ಹೊರಟಿದೆಯೆಂದು ಭಾವಿಸಿ ಮೇಲಿನ ಗೇರನ್ನು ಕೊಡುವುದಿಲ್ಲ. ಪೆಟ್ರೋಲ್ ವ್ಯಯವಾಗುತ್ತದೆ, ದೂರು ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ. ಸಂಕೇತ ಓದುವ ಉಪಕರಣವನ್ನು ಜೋಡಿಸಿದಾಗ ‘ಪಿ0128’ ಎಂಬ ಸಂಕೇತ ಬಂದರೆ ಸಾಮಾನ್ಯವಾಗಿ ಇದೇ ಅರ್ಥ. ಗೇರ್‌ಬಾಕ್ಸಿನ ದೋಷಗಳಾದರೆ ‘ಪಿ07’ ಎಂದು ಆರಂಭವಾಗುವ ಸಂಕೇತಗಳಲ್ಲಿ ಬರುತ್ತವೆ. ಬ್ಯಾಟರಿ ಹಳತಾಗಿ ಮುಂಜಾವಿನಲ್ಲಿ ವೋಲ್ಟೇಜ್ ಕುಸಿದರೂ ನಿಯಂತ್ರಣ ಪೆಟ್ಟಿಗೆ ದಾರಿತಪ್ಪುವುದುಂಟು. ಆದ್ದರಿಂದ ಬ್ಯಾಟರಿಯ ಪರೀಕ್ಷೆ ಮೊದಲಾಗಬೇಕು.

ನಾಲ್ಕು ಮುಂಜಾವಿನ ಪರೀಕ್ಷೆ

ಇನ್ನು ಕಾರಿನ ಒಡೆಯರೇ ಮಾಡಬಹುದಾದ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ನೋಟ್‌ಬುಕ್, ಮತ್ತು ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟಾದ ಜಾಗ.

ಮೊದಲ ದಿನ ಬೆಳಗ್ಗೆ ಎಂಜಿನ್ ಚಾಲನೆಗೊಳಿಸಿ, ಹತ್ತು ಸೆಕೆಂಡಿನೊಳಗೆ, ಬ್ರೇಕನ್ನು ಒತ್ತಿಕೊಂಡೇ ಲಿವರನ್ನು ‘ಡಿ’ಗೆ ತರಬೇಕು. ಕಾರು ಸಣ್ಣಗೆ ಎಳೆಯುವುದು ಅನುಭವಕ್ಕೆ ಬರುವವರೆಗೆ ಎಷ್ಟು ಸೆಕೆಂಡುಗಳಾದವು ಎಂಬುದನ್ನು ಬರೆದಿಡಬೇಕು. ಬಳಿಕ ‘ಎನ್’ಗೆ ತಂದು, ‘ಆರ್’ಗೂ ಹಾಗೆಯೇ ಮಾಡಬೇಕು. ಒಂದೆರಡು ಸೆಕೆಂಡುಗಳೊಳಗೆ ಹಿಡಿದರೆ ಚಿಂತೆಯಿಲ್ಲ. ಎರಡನೆಯ ದಿನ ಇದನ್ನೇ ಮಾಡಬೇಕು, ಆದರೆ ಎಂಜಿನ್ ಚಾಲನೆಗೊಂಡ ಮೇಲೆ ‘ಪಿ’ ಸ್ಥಾನದಲ್ಲೇ ಪೂರ್ತಿ ಒಂದು ನಿಮಿಷ ಬಿಟ್ಟು ಆಮೇಲೆ ಲಿವರನ್ನು ಸರಿಸಬೇಕು. ಮೂರನೆಯ ಮತ್ತು ನಾಲ್ಕನೆಯ ದಿನ ಈ ಎರಡು ಕ್ರಮಗಳನ್ನು ಪುನರಾವರ್ತಿಸಬೇಕು.

ಒಂದು ನಿಮಿಷ ಕಾದ ದಿನಗಳಲ್ಲಿ ವಿಳಂಬವು ಪೂರ್ತಿ ಮಾಯವಾಗಿದ್ದರೆ, ಟಾರ್ಕ್ ಕನ್ವರ್ಟರಿನಲ್ಲಿದ್ದ ತೈಲವು ರಾತ್ರಿಯಿಡೀ ಕೆಳಗಿನ ತಟ್ಟೆಗೆ ಇಳಿದುಹೋಗುತ್ತಿದೆಯೆಂದು ಊಹಿಸಬಹುದು. ಪಂಪು ಅದನ್ನು ಮರಳಿ ತುಂಬಿದೊಡನೆ ಕಾರು ಸರಿಹೋಗುತ್ತದೆ. ಇದು ಕಿರಿಕಿರಿಯ ದೋಷ, ಆದರೆ ಮಾರಕವಲ್ಲ. ದಿನವೂ ಒಂದು ನಿಮಿಷ ಕಾದು ಹೊರಡುವುದರಿಂದಲೇ ಎಷ್ಟೋ ಕಾರುಗಳು ಮತ್ತಷ್ಟು ವರ್ಷ ಓಡುತ್ತವೆ. ಶಹಾಡ್, ಕಲ್ಯಾಣ, ಡೊಂಬಿವಲಿಗಳಲ್ಲಿ ಇದು ಹೆಚ್ಚಾಗಿ ಕಾಣಬಹುದಾದ ತೊಂದರೆ. ಇಲ್ಲಿಯ ನೌಕರ ವರ್ಗದವರು ವಾರವಿಡೀ ಲೋಕಲ್ ರೈಲಿನಲ್ಲಿ ಪ್ರಯಾಣಿಸಿ, ಕಾರನ್ನು ಭಾನುವಾರಕ್ಕೆಂದು ಮೀಸಲಿಡುತ್ತಾರೆ. ಆರು ದಿನ ನಿಂತ ಕಾರು ಒಂದು ರಾತ್ರಿ ನಿಂತ ಕಾರಿಗಿಂತ ಹೆಚ್ಚು ತಡಮಾಡಿದರೆ, ಈ ಊಹೆಗೆ ಮತ್ತಷ್ಟು ಬಲ ಬರುತ್ತದೆ.

ಒಂದು ನಿಮಿಷ ಕಾದರೂ ವಿಳಂಬ ಹಾಗೆಯೇ ಉಳಿದಿದ್ದರೆ ತೈಲದ ಮಟ್ಟ, ಫಿಲ್ಟರ್, ಸೀಲು ಇವುಗಳಲ್ಲಿ ಒಂದನ್ನು ಸಂಶಯಿಸಬೇಕು. ಮಟ್ಟವನ್ನು ನೋಡುವುದೇ ಅಗ್ಗದ ಕೆಲಸವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ. ತೈಲವು ಚಳಿಯಲ್ಲಿ ಕುಗ್ಗುತ್ತದೆ. ಬೇಸಗೆಯಲ್ಲಿ ಗೆರೆಯ ಅಂಚಿನಲ್ಲಿದ್ದ ಮಟ್ಟ ಜನವರಿಯಲ್ಲಿ ಗೆರೆಯ ಕೆಳಗಿಳಿದು, ಪಂಪು ತೈಲದೊಡನೆ ಗಾಳಿಯನ್ನೂ ಹೀರುವಂತಾಗುತ್ತದೆ. ಅಳತೆಯ ಕ್ರಮ ಎಲ್ಲ ಕಾರುಗಳಿಗೂ ಒಂದೇ ಅಲ್ಲ. ಬಹುತೇಕ ಕಾರುಗಳಲ್ಲಿ ತೈಲ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಹೋಂಡಾದಂತಹ ಕೆಲವು ತಯಾರಕರ ಕಾರುಗಳಲ್ಲಿ ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದ ಕೂಡಲೇ ನೋಡಬೇಕು. ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ನಿಗದಿತ ಉಷ್ಣತೆಯಲ್ಲಿ ಬಿರಡೆ ತೆಗೆದು, ತೈಲ ತುಳುಕುವುದನ್ನು ನೋಡುವ ಕೆಲಸ ಗ್ಯಾರೇಜಿನದು. ಕಾರಿನೊಡನೆ ಬಂದ ಕೈಪಿಡಿಯೇ ಈ ವಿಷಯದಲ್ಲಿ ಪ್ರಮಾಣ. ಮಟ್ಟ ಇಳಿದಿದ್ದರೆ ತುಂಬಿಸಿದರಷ್ಟೇ ಸಾಲದು. ತೈಲವು ಎಂಜಿನ್ ಆಯಿಲಿನಂತೆ ಉರಿದು ಕರಗುವ ವಸ್ತುವಲ್ಲ, ಎಲ್ಲೋ ಸೋರುತ್ತಿದೆಯೆಂದೇ ತಿಳಿಯಬೇಕು.

ತಣ್ಣಗಿರುವಾಗ ಸಣ್ಣ ಧ್ವನಿಯಲ್ಲಿ ಕೊರೆಯುವ ಸದ್ದು ಬಂದು, ಎಂಜಿನ್ನಿನ ವೇಗದೊಡನೆ ಅದೂ ಏರಿದರೆ, ಗಟ್ಟಿ ತೈಲವನ್ನು ಮುಚ್ಚಿಹೋದ ಫಿಲ್ಟರಿನ ಮೂಲಕ ಹೀರಲು ಪಂಪು ಹೆಣಗುತ್ತಿದೆಯೆಂದು ಅರ್ಥ. ಮಟ್ಟ ಸರಿಯಿದ್ದು, ಫಿಲ್ಟರ್ ಹೊಸದಾಗಿದ್ದೂ ವಿಳಂಬ ಹೋಗದಿದ್ದರೆ ಮಾತ್ರ ಸೀಲುಗಳ ಸರದಿ.

ಮಳೆಗಾಲ ಬಿಟ್ಟುಹೋದ ನೀರು

ಉಲ್ಹಾಸ ನದಿಯ ದಂಡೆಯ ಊರುಗಳಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಈ ಕಾರು ಪ್ರವಾಹದಲ್ಲಿ ನಿಂತಿತ್ತೇ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಈ ಭಾಗದ ಜನರು ಮರೆತಿಲ್ಲ. 2019ರ ಜುಲೈ 27ರಂದು ಇದೇ ನದಿಯ ನೆರೆಯು ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲನ್ನೇ ತಡೆದು ನಿಲ್ಲಿಸಿತು. ಅಂತಹ ದಿನಗಳಲ್ಲಿ ಚಕ್ರ ಮುಳುಗುವಷ್ಟು ನೀರಿನಲ್ಲಿ ನಿಂತ ಕಾರುಗಳನ್ನು ಒಣಗಿಸಿ, ಆಸನಗಳನ್ನು ತೊಳೆದು, ಎಂಜಿನ್ ಆಯಿಲ್ ಬದಲಿಸಿ ಮತ್ತೆ ರಸ್ತೆಗಿಳಿಸುತ್ತಾರೆ. ಗೇರ್‌ಬಾಕ್ಸಿನ ನೆನಪು ಯಾರಿಗೂ ಬರುವುದಿಲ್ಲ. ಆದರೆ ಅದರ ಮೇಲ್ಭಾಗದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಬಿಸಿ ಗೇರ್‌ಬಾಕ್ಸ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಆ ರಂಧ್ರದಿಂದ ನೀರನ್ನು ಎಳೆದುಕೊಳ್ಳುತ್ತದೆ. ಕ್ಲಚ್ ತಟ್ಟೆಗಳ ಮೇಲಿನ ಲೇಪ ಕಾಗದದ ಜಾತಿಯದು. ಅದನ್ನು ಅಂಟಿಸಿರುವ ಅಂಟನ್ನು ನೀರು ಸಡಿಲಗೊಳಿಸುತ್ತದೆ. ಜುಲೈಯಲ್ಲಿ ಹೊಕ್ಕ ನೀರಿನ ಪರಿಣಾಮವು ಚಳಿಗಾಲದಲ್ಲಿ ಬೆಳಕಿಗೆ ಬಂದರೆ ಆಶ್ಚರ್ಯಪಡಬೇಕಿಲ್ಲ.

ಬಿಳಿಯ ಕಾಗದದ ಮೇಲೆ ಒಂದೆರಡು ಹನಿ ತೈಲ ಬಿಟ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ. ತೆಳ್ಳನೆಯ ಕೆಂಪು ಬಣ್ಣ ಆರೋಗ್ಯದ ಲಕ್ಷಣ. ಕಂದು ಬಣ್ಣವಿದ್ದು ವಾಸನೆಯಿಲ್ಲದಿದ್ದರೆ ವಯಸ್ಸಾಗಿದೆ, ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ತಟ್ಟೆಗಳು ಉರಿದಿವೆ. ಹೊಸ ತೈಲ ಹಾಕಿದರೂ ಅವು ಮರಳಿ ಬರುವುದಿಲ್ಲ. ಹಾಲು ಬೆರೆಸಿದ ರೋಸ್ ಶರಬತ್ತಿನಂತೆ ಕಂಡರೆ ನೀರು ಸೇರಿದೆ. ಪ್ರವಾಹ ಕಾಣದ ಕಾರಿನಲ್ಲೂ ಈ ಬಣ್ಣ ಬಂದಿದ್ದರೆ, ರೇಡಿಯೇಟರಿನೊಳಗೇ ಇರುವ ತೈಲ ತಂಪುಕಾರಕವು ತೂತಾಗಿರಬೇಕು. ಈ ಸ್ಥಿತಿಯಲ್ಲಿ ಕಾರನ್ನು ಒಂದು ಕಿಲೋಮೀಟರ್ ಕೂಡ ಓಡಿಸಬಾರದು.

ತೈಲ ಬದಲಿಸುವುದೋ, ಬಿಡುವುದೋ

ಹಳೆಯ ಕಾರಿನ ತೈಲವನ್ನು ಮುಟ್ಟಿದರೆ ಗೇರ್‌ಬಾಕ್ಸ್ ಕೆಡುತ್ತದೆ ಎಂಬ ನಂಬಿಕೆ ಮೆಕ್ಯಾನಿಕ್‌ಗಳಲ್ಲಿ ವ್ಯಾಪಕವಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ. ಆಗಲೇ ಜಾರುತ್ತಿರುವ, ಸುಟ್ಟ ವಾಸನೆಯ ಗೇರ್‌ಬಾಕ್ಸನ್ನು ಹೊಸ ತೈಲ ಉಳಿಸುವುದಿಲ್ಲ. ಬದಲಿಸಿದ ಮರುದಿನ ಅದು ನಿಂತರೆ ಅಪವಾದ ತೈಲದ ಮೇಲೆ ಬರುತ್ತದೆ. ಬೆಳಗ್ಗೆ ಮಾತ್ರ ತಡಮಾಡುವ, ತೈಲ ಕಂದಾಗಿರುವ ಕಾರಿಗೆ ಬದಲಾವಣೆ ಒಳಿತನ್ನೇ ಮಾಡುತ್ತದೆ. ಬಿರಡೆ ತೆಗೆದಾಗ ಹೊರಬರುವುದು ಒಟ್ಟು ತೈಲದ ಸುಮಾರು ಅರ್ಧ ಮಾತ್ರ, ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲಿ ಉಳಿಯುತ್ತದೆ. ಹೊರಬಂದದ್ದನ್ನು ಅಳೆದು, ಅಷ್ಟನ್ನೇ ತುಂಬಿಸಿ, ಕೆಲವು ನೂರು ಕಿಲೋಮೀಟರ್ ಓಡಿಸಿ, ಮತ್ತೆ ಎರಡು ಸಲ ಹೀಗೆ ಮಾಡುವುದು ಹಳೆಯ ಕಾರಿಗೆ ಯಂತ್ರದಿಂದ ರಭಸವಾಗಿ ತೊಳೆಯುವುದಕ್ಕಿಂತ ಸೌಮ್ಯವಾದ ಮಾರ್ಗ. ತೈಲದ ಜಾತಿಯನ್ನು ಕೈಪಿಡಿಯಲ್ಲಿ ಹೇಳಿದಂತೆಯೇ ಆರಿಸಬೇಕು. ಸಿವಿಟಿ ಎಂದು ಕರೆಯಲಾಗುವ, ಉಕ್ಕಿನ ಪಟ್ಟಿಯಿಂದ ನಡೆಯುವ ಗೇರ್‌ಬಾಕ್ಸಿಗೆ ಸಾಮಾನ್ಯ ಸ್ವಯಂಚಾಲಿತ ತೈಲವನ್ನು ಹಾಕಿದರೆ ಪಟ್ಟಿ ಜಾರಿ ಗೇರ್‌ಬಾಕ್ಸೇ ನಾಶವಾಗುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಗೇರ್‌ಬಾಕ್ಸಿಗೆ ಈ ಲೇಖನದ ಬಹುಭಾಗ ಅನ್ವಯಿಸುವುದಿಲ್ಲ. ಅದು ಸಾಮಾನ್ಯ ಕ್ಲಚ್ ಮತ್ತು ಗೇರುಗಳನ್ನೇ ಯಂತ್ರದ ಕೈಯಿಂದ ನಡೆಸುವ ವ್ಯವಸ್ಥೆ. ಚಳಿಯಲ್ಲಿ ತಡಮಾಡಿದರೆ ಬ್ಯಾಟರಿ, ಬ್ರೇಕ್ ಸ್ವಿಚ್ ಮತ್ತು ಕ್ಲಚ್ಚಿನ ಸವೆತವನ್ನು ನೋಡಬೇಕು.

ಗ್ಯಾರೇಜಿನಲ್ಲಿ

ಸೀಲುಗಳ ಮೇಲೆ ಸಂಶಯ ಬಿದ್ದಾಗ ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಮಾಡಬೇಕಾದ ಒಂದು ಕೆಲಸವಿದೆ. ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿಗೆ ಒಯ್ದು ರಾತ್ರಿ ಅಲ್ಲೇ ಬಿಡಬೇಕು. ಗೇರ್‌ಬಾಕ್ಸಿನ ಹೊರಮೈಯಲ್ಲಿರುವ ರಂಧ್ರಕ್ಕೆ ಒತ್ತಡಮಾಪಕವನ್ನು ಜೋಡಿಸಿ, ಬೆಳಗ್ಗೆ ಮೊದಲ ಸಲ ಎಂಜಿನ್ ಚಾಲನೆಗೊಳಿಸಿದಾಗಿನ ಒತ್ತಡವನ್ನೂ, ಬಿಸಿಯಾದ ಮೇಲಿನ ಒತ್ತಡವನ್ನೂ ತಯಾರಕರ ಅಂಕಿಗಳೊಡನೆ ಹೋಲಿಸಬೇಕು. ಮೂಲ ಒತ್ತಡ ಸರಿಯಿದ್ದೂ ಒಂದು ಗೇರು ಮಾತ್ರ ತಡವಾದರೆ ಆ ಗೇರಿನ ಸೀಲೋ ಸೊಲೆನಾಯ್ಡೋ ದೋಷಿ. ಎಲ್ಲ ಗೇರುಗಳೂ ತಡವಾಗಿ ಒತ್ತಡವೂ ಕಡಿಮೆಯಿದ್ದರೆ ಪಂಪು ಅಥವಾ ಫಿಲ್ಟರ್. ನಿಮ್ಮ ನೋಟ್‌ಬುಕ್ಕಿನ ನಾಲ್ಕು ದಿನಗಳ ಅಂಕಿಗಳನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಒತ್ತಡ ಅಳೆಯದೆ ಬಿಚ್ಚಲು ಹೊರಟವರಿಗೆ ಕಾರನ್ನು ಒಪ್ಪಿಸದಿರುವುದೇ ಲೇಸು. ಬ್ರೇಕ್ ಒತ್ತಿ ಆಕ್ಸಿಲರೇಟರನ್ನು ಪೂರ್ತಿ ತುಳಿಯುವ ‘ಸ್ಟಾಲ್’ ಪರೀಕ್ಷೆಯನ್ನು ಮನೆಯಂಗಳದಲ್ಲಿ ಯಾರೂ ಮಾಡಕೂಡದು. ತಣ್ಣಗಿರುವ ಗೇರ್‌ಬಾಕ್ಸಿನ ಮೇಲಂತೂ ಸರ್ವಥಾ ಕೂಡದು.

ದುರಸ್ತಿಗೆ ಹಣ ಹಾಕುವ ಮೊದಲು ಕಾರಿನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳದ್ದು. ಆಮೇಲೆ ಪರಿಶೀಲನೆಗೊಳಗಾಗಿ ಐದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಹದಿನಾಲ್ಕನೆಯ ವರ್ಷದಲ್ಲಿರುವ ಕಾರಿನ ಚಾಸಿಯು ತುಕ್ಕು ಹಿಡಿಯದೆ, ಎಂಜಿನ್ ಗಟ್ಟಿಯಾಗಿದ್ದರೆ, ಸೀಲುಗಳ ಬದಲಾವಣೆ ಅರ್ಥಪೂರ್ಣ. ಪ್ರವಾಹದಲ್ಲಿ ನಿಂತು ತಟ್ಟೆಗಳೂ ಹೋಗಿರುವ ಕಾರಿಗೆ ಆ ವೆಚ್ಚವನ್ನು ಸಲಹೆ ಮಾಡಲಾಗದು.

ವರ್ಷಾಂತ್ಯದ ರಜೆಯಲ್ಲಿ ಪುಣೆ, ಸಾತಾರಾ, ಕೊಲ್ಹಾಪುರ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗಳ ಕಡೆಗೆ ಹೊರಡುವ ಕನ್ನಡ ಕುಟುಂಬಗಳು ಈ ಪರೀಕ್ಷೆಗಳನ್ನು ಹೊರಡುವ ಎರಡು ವಾರ ಮೊದಲೇ ಮುಗಿಸುವುದು ಒಳ್ಳೆಯದು. ಘಾಟ್ ಏರಿದ ಮೇಲಿನ ಪ್ರಸ್ಥಭೂಮಿಯ ಮುಂಜಾವು ಶಹಾಡಿಗಿಂತ ತಂಪು. ಇಲ್ಲಿ ಮೂರು ಸೆಕೆಂಡು ತಡಮಾಡುವ ಗೇರು ಅಲ್ಲಿ ಮತ್ತಷ್ಟು ತಡಮಾಡುತ್ತದೆ. ದಾರಿಯಲ್ಲಿ ಕಾರು ನಿಂತೇಹೋದರೆ, ಸಾಮಾನ್ಯ ಕಾರಿನಂತೆ ನಾಲ್ಕು ಜನ ತಳ್ಳಿ ಚಾಲನೆಗೊಳಿಸಲು ಯತ್ನಿಸಬಾರದು, ಅದು ಸಾಧ್ಯವೂ ಅಲ್ಲ. ಹಗ್ಗ ಕಟ್ಟಿ ಎಳೆದೊಯ್ಯುವುದೂ ಅಪಾಯಕರ: ಎಂಜಿನ್ ನಿಂತಾಗ ತೈಲದ ಪಂಪು ನಿಲ್ಲುತ್ತದೆ, ಚಕ್ರಗಳು ತಿರುಗಿದಂತೆ ಒಳಗಿನ ಭಾಗಗಳು ತೈಲವಿಲ್ಲದೆ ಉಜ್ಜುತ್ತವೆ. ಎಂಜಿನ್ನಿನ ಬಲ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಿ, ಅಥವಾ ಕಾರನ್ನೇ ಹಲಗೆಯ ವಾಹನದ ಮೇಲೇರಿಸಿ ಸಾಗಿಸುವಂತೆ ಕ್ರೇನಿನವರಿಗೆ ಫೋನಿನಲ್ಲೇ ತಿಳಿಸಬೇಕು.